ಪ್ರಾಜೆಕ್ಟ್ ರಿಪೋರ್ಟಿನ ಕೊನೇ ಪುಟ

ಸಂಪಾದಕರಿಗೆ ನಮಸ್ಕಾರ,

ನಾನು ಚಾಮರಾಜಪೇಟೆಯಲ್ಲಿ ಹದಿನೇಳು ವರ್ಷದಿಂದ ಜೆರಾಕ್ಸ್ ಅಂಗಡಿ ನಡೆಸ್ತಿದೀನಿ. ಸುತ್ತಮುತ್ತ ಕಾಲೇಜುಗಳು ಜಾಸ್ತಿ, ಹಾಗಾಗಿ ಸೆಮಿಸ್ಟರ್ ಮುಗಿಯೋ ಟೈಮಲ್ಲಿ ಬೆಳಿಗ್ಗೆ ಎಂಟಕ್ಕೆ ಶಟರ್ ಎತ್ತಿದ್ರೆ ರಾತ್ರಿ ಹತ್ತಾದ್ರೂ ಇಳಿಸೋಕೆ ಆಗಲ್ಲ, ಪ್ರಿಂಟು, ಸ್ಪೈರಲ್ ಬೈಂಡಿಂಗು, ಮೇಲೆ ಬಂಗಾರದ ಬಣ್ಣದ ಅಕ್ಷರ ಇರೋ ಹಾರ್ಡ್ ಬೈಂಡಿಂಗು ಎಲ್ಲಾ ಒಂದೇ ಸಲ ಬಂದು ಬೀಳುತ್ತೆ. ಬೈಂಡಿಂಗ್‌ಗೆ ಹಾಕೋ ಮುಂಚೆ ಪುಟ ಸರಿಯಾಗಿ ಜೋಡಿಸಿದಾರಾ ಅಂತ ಮೊದಲನೇದು, ಕೊನೇದು ಎರಡೂ ತಿರುವಿ ನೋಡೋದು ನನ್ನ ಅಭ್ಯಾಸ. ಆ ಕೊನೇ ಪುಟದ ಬಗ್ಗೆನೇ ಈ ಪತ್ರ.

ಕೊನೇ ಪುಟ ಅಂದ್ರೆ ಬಿಬ್ಲಿಯೋಗ್ರಫಿ, ಈ ವಿಷಯ ಎಲ್ಲೆಲ್ಲಿಂದ ತಗೊಂಡೆ ಅಂತ ಬರೆಯೋ ಜಾಗ. ಹೆಚ್ಚಿನ ಮಕ್ಕಳ ಪ್ರಾಜೆಕ್ಟಲ್ಲಿ ಅಲ್ಲಿರೋದು ಎರಡೇ ಸಾಲು, ಒಂದು ಗೂಗಲ್ ಡಾಟ್ ಕಾಮ್, ಇನ್ನೊಂದು ವಿಕಿಪೀಡಿಯ ಡಾಟ್ ಕಾಮ್. ವಿಕಿಪೀಡಿಯ ವಿಳಾಸ ಡಾಟ್ ಆರ್ಗ್ ಅನ್ನೋದನ್ನೂ ಯಾರೂ ನೋಡ್ಕೊಂಡಿರಲ್ಲ. ಇನ್ನು ಗೂಗಲ್ ಅನ್ನೋದು ಹುಡುಕೋ ಜಾಗ, ಅಲ್ಲಿಂದ ಬೇರೆ ಕಡೆ ಹೋಗ್ಬೇಕು. ಮೆಜೆಸ್ಟಿಕ್‌ನಲ್ಲಿ ಬಸ್ ಹತ್ತಿ ಧಾರವಾಡಕ್ಕೆ ಹೋಗಿ ಬಂದೋನನ್ನ ಎಲ್ಲಿಗೆ ಹೋಗಿದ್ದೆ ಅಂತ ಕೇಳಿದ್ರೆ ಮೆಜೆಸ್ಟಿಕ್‌ಗೆ ಅಂದಂಗಾಯ್ತು ಅದು. ಆದ್ರೂ ಆ ಪುಟದ ಕೆಳಗೆ ಗೈಡ್ ಸಹಿ ಇರುತ್ತೆ, ಎಚ್‌ಓಡಿ ಸೀಲ್ ಇರುತ್ತೆ, ಮಾರ್ಕ್ಸೂ ಬರುತ್ತೆ. ಮಕ್ಕಳನ್ನ ನಾನು ಬೈಯಲ್ಲ ಸರ್. ಅವರಿಗೆ ಯಾರೂ ಕೂರಿಸ್ಕೊಂಡು ತೋರಿಸಿಲ್ಲ, ನನ್ನ ಸಂಕಟ ಇರೋದು ಅಲ್ಲಿ.

ಈಗ ಎರಡು ವರ್ಷದಿಂದ ಇನ್ನೊಂದು ಶುರುವಾಗಿದೆ. ಕೊನೇ ಪುಟ ಇದ್ದಕ್ಕಿದ್ದಂಗೆ ತುಂಬಿಕೊಂಡು ಬರ್ತಿದೆ, ಹದಿನೈದು ಇಪ್ಪತ್ತು ಪುಸ್ತಕ, ಲೇಖಕರ ಹೆಸರು, ಇಸವಿ, ಪುಟದ ನಂಬರು, ನೋಡಿದ್ರೆ ಕೈ ಮುಗೀಬೇಕು ಹಾಗಿರುತ್ತೆ. ಕಳೆದ ಸಲ ಒಬ್ಬ ಹುಡುಗಿ ಎಂ.ಎ. ಪ್ರಬಂಧ ತಂದಿದ್ಳು, ಇನ್ನೂ ಎರಡು ದಿನ ಟೈಮ್ ಇತ್ತು, ಪ್ರಿಂಟ್ ಆಗ್ತಾ ಇರೋವಾಗ ನಾನು ಸುಮ್ನೆ ಕುತೂಹಲಕ್ಕೆ ಅಮ್ಮ ಈ ಪುಸ್ತಕ ಎಲ್ಲಿ ಸಿಕ್ತು, ನನ್ನ ಮಗಳಿಗೂ ಬೇಕಾಗಿತ್ತು ಅಂತ ಕೇಳಿದೆ. ಅವಳು ಸ್ವಲ್ಪ ಹೊತ್ತು ಸುಮ್ಮನಿದ್ದು, ಅಂಕಲ್ ಅದು ಚಾಟ್‌ಜಿಪಿಟಿ ಕೊಟ್ಟಿದ್ದು ಅಂದ್ಳು. ಇಬ್ರೂ ಅಲ್ಲೇ ಅಂಗಡಿ ಕಂಪ್ಯೂಟರ್‌ನಲ್ಲಿ ಹುಡುಕಿದ್ವಿ. ಲೇಖಕರು ನಿಜವಾಗ್ಲೂ ಇದಾರೆ, ಆದ್ರೆ ಆ ಹೆಸರಿನ ಪುಸ್ತಕ ಅವರು ಬರೆದೇ ಇಲ್ಲ. ಇನ್ನೊಂದು ಇಂಗ್ಲಿಷ್ ಲೇಖನಕ್ಕೆ ಡಿಓಐ ನಂಬರ್ ಕೊಟ್ಟಿತ್ತು. ಡಿಓಐ ಅಂದ್ರೆ ಲೇಖನಕ್ಕೆ ಕೊಡೋ ಒಂದು ಕಾಯಂ ನಂಬರು, 10 ಅಂತ ಶುರುವಾಗುತ್ತೆ, ಡಿಓಐ ಡಾಟ್ ಆರ್ಗ್ ಅನ್ನೋ ಕಡೆ ಹಾಕಿದ್ರೆ ಸೀದಾ ಆ ಲೇಖನಕ್ಕೇ ಕರ್ಕೊಂಡು ಹೋಗುತ್ತೆ. ಹಾಕಿದ್ವಿ, ಆ ನಂಬರೇ ಇಲ್ಲ ಅಂತ ಬಂತು. ಆ ಹುಡುಗಿ ಕಣ್ಣಲ್ಲಿ ನೀರು. ಅವಳಿಗೆ ಮೋಸ ಮಾಡೋ ಉದ್ದೇಶ ಇರಲಿಲ್ಲ ಸರ್, ಪ್ರಬಂಧ ಅವಳೇ ಬರೆದಿದ್ದು, ನನಗೆ ಗೊತ್ತು, ಮೂರು ಸಲ ತಿದ್ದಿ ತಿದ್ದಿ ಪ್ರಿಂಟ್ ತಗೊಂಡಿದ್ಳು. ಕೊನೇ ಪುಟ ಹೇಗೆ ಮಾಡೋದು ಅಂತ ಗೊತ್ತಿಲ್ದೆ ಮೊಬೈಲ್ ಕೇಳಿದಾಳೆ, ಅದು ಇಲ್ದೇ ಇರೋದನ್ನೂ ಇದೆ ಅಂತ ಹೇಳಿಬಿಟ್ಟಿದೆ.

ಅವತ್ತು ಅವಳಿಗೆ ಶೋಧಗಂಗಾ ತೆಗೆದು ತೋರಿಸಿದೆ. ಇದನ್ನ ನನಗೆ ತೋರಿಸಿಕೊಟ್ಟಿದ್ದು ನಮ್ಮ ಅಂಗಡಿಗೆ ಬರೋ ಒಬ್ಬರು ರಿಟೈರ್ಡ್ ಲೈಬ್ರರಿಯನ್ ಮೇಡಂ, ಅವರ ಋಣ ದೊಡ್ಡದು. ದೇಶದ ಯೂನಿವರ್ಸಿಟಿಗಳಲ್ಲಿ ಪಿಎಚ್‌ಡಿ ಮಾಡಿದೋರ ಪ್ರಬಂಧಗಳು ಅಲ್ಲಿ ಲಕ್ಷಗಟ್ಟಲೆ ಇದಾವೆ, ಗುಜರಾತಿನ ಗಾಂಧಿನಗರದಲ್ಲಿರೋ ಇನ್‌ಫ್ಲಿಬ್‌ನೆಟ್ ಅನ್ನೋ ಸರ್ಕಾರಿ ಸಂಸ್ಥೆಯವರು ನಡೆಸ್ತಾರೆ, ದುಡ್ಡಿಲ್ಲ. ನಮ್ಮ ಕರ್ನಾಟಕದ ಯೂನಿವರ್ಸಿಟಿಗಳದ್ದೂ ಇದಾವೆ, ಕನ್ನಡದಲ್ಲೇ ಬರೆದಿರೋವೂ ಇದಾವೆ. ಮೇಡಂ ಹೇಳಿದ ಒಂದು ಮಾತು ನಾನು ಈಗ ಎಲ್ಲರಿಗೂ ಹೇಳ್ತೀನಿ. ಅಲ್ಲಿ ಒಂದೊಂದು ಅಧ್ಯಾಯಕ್ಕೂ ಬೇರೆ ಬೇರೆ ಪಿಡಿಎಫ್ ಇರುತ್ತೆ, ಎಲ್ಲಾ ಓದೋಕೆ ಹೋಗ್ಬೇಡಿ, ನಿಮ್ಮ ವಿಷಯಕ್ಕೆ ಹತ್ರ ಇರೋ ಒಂದು ಥೀಸಿಸ್ ಹಿಡಿದು ಮೊದಲು ಬಿಬ್ಲಿಯೋಗ್ರಫಿ ಅಂತ ಇರೋ ಫೈಲ್ ಒಂದನ್ನ ತೆಗೀರಿ. ನಾಲ್ಕೈದು ವರ್ಷ ಅದೇ ವಿಷಯದಲ್ಲಿ ಮುಳುಗಿದ್ದೋರು ಯಾವ್ಯಾವ ಪುಸ್ತಕ ನೋಡಿದಾರೆ ಅಂತ ಪಟ್ಟಿ ಸಿಕ್ಕಿಬಿಡುತ್ತೆ, ಅದ್ರಲ್ಲಿ ನಾಲ್ಕು ಪುಸ್ತಕ ಹುಡುಕಿ ಓದಿದ್ರೂ ಸಾಕು. ಆ ಹುಡುಗಿ ಹಾಗೇ ಮಾಡಿದ್ಳು. ಅವಳ ಪಟ್ಟಿ ಇಪ್ಪತ್ತರಿಂದ ಆರಕ್ಕೆ ಇಳೀತು, ಆದ್ರೆ ಆ ಆರನ್ನೂ ಅವಳು ಕಣ್ಣಾರೆ ನೋಡಿದ್ಳು.

ಬಿ.ಕಾಂ. ಹುಡುಗರು ತರೋ ಪ್ರಾಜೆಕ್ಟು ಹೆಚ್ಚಿನವು ಯುಪಿಐ ಮೇಲೆ, ಡಿಜಿಟಲ್ ಪೇಮೆಂಟ್ ಮೇಲೆ. ಅದರಲ್ಲಿ ಹಾಕಿರೋ ಅಂಕಿ ಯಾವುದೋ ವೆಬ್‌ಸೈಟ್‌ನಿಂದ ಎತ್ತಿದ್ದು, ಯಾವ ವರ್ಷದ್ದು ಅಂತಾನೇ ಇರಲ್ಲ. ಯುಪಿಐ ಶುರುವಾಗಿದ್ದು 2016ರಲ್ಲಿ, ಅದನ್ನ ನಡೆಸೋ ಎನ್‌ಪಿಸಿಐ ತನ್ನ ಸೈಟಲ್ಲೇ ತಿಂಗಳು ತಿಂಗಳೂ ಎಷ್ಟು ವಹಿವಾಟು ಆಯ್ತು, ಒಟ್ಟು ಮೊತ್ತ ಎಷ್ಟು ಅಂತ ಟೇಬಲ್ ಹಾಕುತ್ತೆ, ಬ್ಯಾಂಕಿಂಗ್ ಲೆಕ್ಕ ಬೇಕಂದ್ರೆ ರಿಸರ್ವ್ ಬ್ಯಾಂಕ್ ಸೈಟಲ್ಲಿ ವರ್ಷ ವರ್ಷದ ಅಂಕಿಅಂಶದ ಹ್ಯಾಂಡ್‌ಬುಕ್ ಇದೆ. ಜನಸಂಖ್ಯೆದೂ ಇದೇ ಕಥೆ. ಬೆಂಗಳೂರಿನ ಜನಸಂಖ್ಯೆ ಒಬ್ಬೊಬ್ಬರ ಪ್ರಾಜೆಕ್ಟಲ್ಲಿ ಒಂದೊಂದು ಥರ. ಎಣಿಸಿ ಬರೆದಿರೋ ಲೆಕ್ಕ ಬೇಕಂದ್ರೆ 2011ರ ಜನಗಣತಿಗೇ ಹೋಗ್ಬೇಕು, ಅದ್ರಲ್ಲಿ ಬೆಂಗಳೂರು ನಗರ ಜಿಲ್ಲೆದು ಸುಮಾರು 96 ಲಕ್ಷ, ಇಡೀ ಕರ್ನಾಟಕದ್ದು 6.11 ಕೋಟಿ. ಆಮೇಲಿನದೆಲ್ಲಾ ಅಂದಾಜು. ಅಂದಾಜು ಹಾಕ್ಬಾರದು ಅಂತಲ್ಲ, ಅಂದಾಜು ಅಂತ ಬರೆದು ಯಾರ ಅಂದಾಜು ಅಂತ ಹೇಳ್ಬೇಕು ಅಷ್ಟೆ.

ಲಾ ಓದೋ ಮಕ್ಕಳಿಗಂತೂ ಇದು ಪೆಟ್ಟು ಕೊಡೋ ವಿಷಯ. ಐಪಿಸಿ ಅನ್ನೋ ಹಳೇ ದಂಡ ಸಂಹಿತೆ ಜಾಗಕ್ಕೆ ಭಾರತೀಯ ನ್ಯಾಯ ಸಂಹಿತೆ 2024ರ ಜುಲೈ 1ರಿಂದ ಜಾರಿಗೆ ಬಂದಿದೆ, ಆದ್ರೂ ನೆಟ್‌ನಲ್ಲಿ ಸಿಗೋ ಹಳೇ ನೋಟ್ಸ್ ಎಲ್ಲಾ ಐಪಿಸಿದೇ. ಕೊಲೆಗೆ 302 ಅಂತ ಬಾಯಿಗೆ ಬಂದಿರುತ್ತೆ, ಹೊಸದ್ರಲ್ಲಿ ಅದು 103. ವಂಚನೆಗೆ 420 ಅಂತಿದ್ದಿದ್ದು ಈಗ 318. ಆ ತಾರೀಖಿಗಿಂತ ಮುಂಚೆ ನಡೆದ ಅಪರಾಧಕ್ಕೆ ಹಳೇ ಕಾನೂನೇ, ಹಾಗಾಗಿ ಎರಡೂ ಗೊತ್ತಿರ್ಬೇಕು. ಇಂಡಿಯಾ ಕೋಡ್ ಅಂತ ಸರ್ಕಾರದ್ದೇ ಸೈಟ್ ಇದೆ, ಕಾಯ್ದೆಗಳ ಪಠ್ಯ ಅಲ್ಲೇ ಸಿಗುತ್ತೆ. ಸುಪ್ರೀಂ ಕೋರ್ಟ್ ತೀರ್ಪುಗಳ ವರದಿ 2023ರಿಂದ ಇ-ಎಸ್‌ಸಿಆರ್ ಅಂತ ಬಿಟ್ಟಿಯಾಗೇ ಸಿಗ್ತಿದೆ, ಇಂಡಿಯನ್ ಕಾನೂನ್ ಅನ್ನೋ ಸೈಟಲ್ಲಿ ಹೈಕೋರ್ಟ್‌ದೂ ಹುಡುಕಬಹುದು. ನನ್ನ ಅಂಗಡಿಯಲ್ಲಿ ಒಬ್ಬ ಹುಡುಗ ಮುನ್ನೂರು ರೂಪಾಯಿ ಕೊಟ್ಟು ಹಳೇ ನೋಟ್ಸ್ ಪ್ರಿಂಟ್ ತಗೊಂಡು ಹೋಗಿ ಮಾರನೇ ದಿನ ವಾಪಸ್ ತಂದಿದ್ದ, ಅಂಕಲ್ ಇದ್ರಲ್ಲಿ ಎಲ್ಲಾ ಸೆಕ್ಷನ್ನೂ ಹಳೇದು ಅಂತ. ಪ್ರಿಂಟ್ ಆಗಿರೋ ಪೇಪರ್ ನಾನೇನು ಮಾಡ್ಲಿ, ಅರ್ಧ ದುಡ್ಡು ವಾಪಸ್ ಕೊಟ್ಟೆ.

ಈಗ ನನ್ನ ಮಗಳ ವಿಷಯಕ್ಕೆ ಬರ್ತೀನಿ. ಅವಳು ಸರ್ಕಾರಿ ಕಾಲೇಜಲ್ಲಿ ಬಿ.ಎ., ಇತಿಹಾಸ ಮತ್ತೆ ಐಚ್ಛಿಕ ಕನ್ನಡ. ಬೆಂಗಳೂರು ಅನ್ನೋ ಹೆಸರು ಹೇಗೆ ಬಂತು ಅಂತ ಅಸೈನ್‌ಮೆಂಟ್ ಕೊಟ್ಟಿದ್ರು. ಅವಳು ಎಲ್ಲರ ಹಾಗೆ ಹೊಯ್ಸಳ ರಾಜ ವೀರಬಲ್ಲಾಳ ಬೇಟೆಗೆ ಬಂದು ದಾರಿ ತಪ್ಪಿ, ಅಜ್ಜಿ ಬೇಯಿಸಿದ ಕಾಳು ಕೊಟ್ಟಿದ್ದು, ಬೆಂದಕಾಳೂರು ಆಗಿದ್ದು, ಅದನ್ನೇ ಎರಡು ಪುಟ ಬರೆದು ಅಪ್ಪಾ ಪ್ರಿಂಟ್ ಹಾಕು ಅಂದ್ಳು. ಚೆನ್ನಾಗೇ ಬರೆದಿದ್ಳು. ಅವತ್ತು ಮೇಡಂ ಅಂಗಡಿಯಲ್ಲೇ ಇದ್ರು, ಕನ್ನಡಕ ಏರಿಸಿ ಓದಿ, ಮಗಳೇ ಕಥೆ ಚೆನ್ನಾಗಿದೆ, ಬೇಗೂರು ಶಾಸನ ನೋಡಿದ್ಯಾ ಅಂದ್ರು. ಇವಳಿಗೆ ಬೇಗೂರು ಅಂದ್ರೆ ಹೊಸೂರು ರೋಡ್ ಕಡೆ ಇರೋ ಏರಿಯಾ ಅಂತ ಮಾತ್ರ ಗೊತ್ತು.

ಆ ರಾತ್ರಿ ನಾವು ಅಪ್ಪ ಮಗಳು ಹನ್ನೊಂದೂವರೆವರೆಗೂ ಕೂತಿದ್ವಿ. ಬೇಗೂರಿನ ನಾಗೇಶ್ವರ ದೇವಸ್ಥಾನದಲ್ಲಿರೋ ವೀರಗಲ್ಲು, ಕ್ರಿ.ಶ. 890ರ ಸುಮಾರಿಂದು, ಹಳಗನ್ನಡದಲ್ಲಿದೆ, ಬೆಂಗಳೂರಿನ ಕಾಳಗದಲ್ಲಿ ಗಂಗರ ಕಾಲದ ಅಧಿಕಾರಿ ನಾಗತ್ತರನ ಕಡೆಯವನೊಬ್ಬ ಸತ್ತ ಅಂತ ಅದ್ರಲ್ಲಿ ಬರೆದಿದೆ. ಇಮ್ಮಡಿ ವೀರಬಲ್ಲಾಳ ಪಟ್ಟಕ್ಕೆ ಬಂದಿದ್ದು 1173ರಲ್ಲಿ. ಅಂದ್ರೆ ರಾಜ ಪಟ್ಟಕ್ಕೆ ಬರೋಕೆ ಸುಮಾರು 280 ವರ್ಷ ಮುಂಚೆನೇ ಊರಿಗೆ ಈ ಹೆಸರಿತ್ತು. ಕೆಂಪೇಗೌಡರು ಕೋಟೆ ಕಟ್ಟಿಸಿದ್ದು 1537ರಲ್ಲಿ, ಅದಂತೂ ಆ ಶಾಸನ ಆಗಿ ಸುಮಾರು ಆರೂವರೆ ಶತಮಾನ ಆದ್ಮೇಲೆ. ನಮ್ಮ ನಾಡಿನ ಶಾಸನಗಳನ್ನೆಲ್ಲಾ ಕೂಡಿಸಿ ಬಿ.ಎಲ್. ರೈಸ್ ಶುರು ಮಾಡಿದ ಎಪಿಗ್ರಾಫಿಯ ಕರ್ನಾಟಿಕ ಸಂಪುಟಗಳು ಇಂಟರ್ನೆಟ್ ಆರ್ಕೈವ್ ಅನ್ನೋ ಸೈಟಲ್ಲಿ ಸ್ಕ್ಯಾನ್ ಆಗಿ ಬಿದ್ದಿದಾವೆ, ಆ ರೈಸ್ ಸಾಹೇಬ್ರು ಹುಟ್ಟಿದ್ದೂ ನಮ್ಮ ಬೆಂಗಳೂರಲ್ಲೇ, ಅದೂ ನನಗೆ ಅವತ್ತೇ ಗೊತ್ತಾಗಿದ್ದು. ನೂರು ವರ್ಷದ ಹಿಂದಿನ ಪುಟ, ಅಂಚು ಕಂದು ಬಣ್ಣಕ್ಕೆ ತಿರುಗಿದೆ, ಯಾವುದೋ ಲೈಬ್ರರಿಯ ನೇರಳೆ ಸೀಲ್ ಕೂಡ ಕಾಣುತ್ತೆ, ಅದನ್ನ ನನ್ನ ಮಗಳು ಮೊಬೈಲಲ್ಲಿ ಬೆರಳಲ್ಲಿ ಹಿಗ್ಗಿಸಿ ಹಿಗ್ಗಿಸಿ ಒಂದೊಂದೇ ಅಕ್ಷರ ಓದ್ತಿದ್ಳು. ನೃಪತುಂಗ ರಸ್ತೆಯಲ್ಲಿರೋ ಇತಿಹಾಸ ಸಂಶೋಧನೆಯ ಸಂಸ್ಥೆ ಮಿಥಿಕ್ ಸೊಸೈಟಿಯವರು ಬೆಂಗಳೂರಿನ ಶಾಸನಗಳನ್ನ 3ಡಿ ಸ್ಕ್ಯಾನ್ ಮಾಡಿ ನೆಟ್‌ಗೆ ಹಾಕ್ತಿದಾರೆ, ಕಲ್ಲನ್ನ ಸ್ಕ್ರೀನ್ ಮೇಲೇ ತಿರುಗಿಸಿ ನೋಡಬಹುದು. ಆ ಭಾನುವಾರ ಇಬ್ರೂ ಬಿಎಂಟಿಸಿ ಹತ್ತಿ ಬೇಗೂರಿಗೆ ಹೋಗಿ ಕಲ್ಲನ್ನೂ ನೋಡ್ಕೊಂಡು ಬಂದ್ವಿ. ಅಸೈನ್‌ಮೆಂಟ್ ಎರಡು ಪುಟದಿಂದ ಒಂಬತ್ತು ಪುಟ ಆಯ್ತು. ಕಾಳಿನ ಕಥೆನೂ ಬಿಡ್ಲಿಲ್ಲ ಅವಳು, ಜನ ಹೇಳೋ ಕಥೆ ಅಂತ ಬೇರೆ ಜಾಗ ಕೊಟ್ಟು ಇಟ್ಳು.

ಒಂದು ಮಾತು ಇಲ್ಲಿ ಹೇಳ್ಬೇಕು, ಯಾಕಂದ್ರೆ ಬಹಳ ಮಕ್ಕಳು ಇಲ್ಲೇ ಸೋತು ಕೈಬಿಡೋದು. ಆರ್ಕೈವ್‌ನಲ್ಲಿ ಹಳೇ ಕನ್ನಡ ಪುಸ್ತಕ ಸಾವಿರಾರು ಇದಾವೆ, ಆದ್ರೆ ಕನ್ನಡದಲ್ಲಿ ಟೈಪ್ ಮಾಡಿದ್ರೆ ಎಷ್ಟೋ ಸಲ ಸಿಗಲ್ಲ. ಸ್ಕ್ಯಾನ್ ಮಾಡಿದೋರು ಹೆಸರನ್ನ ಇಂಗ್ಲಿಷ್ ಅಕ್ಷರದಲ್ಲಿ ಹಾಕಿದಾರೆ, ಅದೂ ಒಬ್ಬೊಬ್ರು ಒಂದೊಂದು ಸ್ಪೆಲಿಂಗ್, ದೀರ್ಘಕ್ಕೆ ಕೆಲವರು ಎರಡು ಎ ಹಾಕಿರ್ತಾರೆ ಕೆಲವರು ಒಂದೇ, ಮಧ್ಯೆ ಚುಕ್ಕೆ ಕೊಕ್ಕೆ ಬೇರೆ. ನಾಲ್ಕೈದು ಥರ ಹಾಕಿ ನೋಡ್ಬೇಕು, ಲೇಖಕರ ಹೆಸರಿಂದ ಬರ್ಬೇಕು. ತಾಳ್ಮೆ ಇದ್ರೆ ಸಿಗುತ್ತೆ.

ಕನ್ನಡ ಓದೋ ಮಕ್ಕಳಿಗೆ ನೆಟ್‌ನಲ್ಲಿ ಏನೂ ಇಲ್ಲ ಅಂತ ಮೇಷ್ಟ್ರುಗಳೇ ಹೇಳೋದು ಕೇಳಿದೀನಿ, ಬೇಜಾರಾಗುತ್ತೆ. ವಚನ ಸಂಚಯ ಅಂತ ಇದೆ, ಒಂದು ಪದ ಹಾಕಿದ್ರೆ ಯಾವ್ಯಾವ ವಚನಕಾರರು ಅದನ್ನ ಬಳಸಿದಾರೆ ಅಂತ ಅಷ್ಟೂ ವಚನ ಮುಂದೆ ಬರುತ್ತೆ. ನನ್ನ ಮಗಳು ಕಾಯಕ ಅಂತ ಹಾಕಿ ಒಂದು ಸಂಜೆ ಪೂರ್ತಿ ಅದ್ರಲ್ಲೇ ಇದ್ಳು. ಅಲರ್ ಅಂತ ಕನ್ನಡ ಇಂಗ್ಲಿಷ್ ನಿಘಂಟು ಇದೆ, ವಿ. ಕೃಷ್ಣ ಅನ್ನೋರು ದಶಕಗಳ ಕಾಲ ಒಬ್ಬರೇ ಕೂತು ಮಾಡಿದ್ದು, ಒಂದೂವರೆ ಲಕ್ಷ ಪದ, 2019ರಲ್ಲಿ ಎಲ್ಲರಿಗೂ ಬಿಟ್ಟುಕೊಟ್ರು. ಒಬ್ಬ ಮನುಷ್ಯ ಆಯುಷ್ಯ ಸವೆಸಿ ಮಾಡಿದ್ದನ್ನ ಬಿಟ್ಟಿ ಕೊಟ್ಟಿದಾರೆ, ನಮ್ಮ ಮಕ್ಕಳಿಗೆ ಅದರ ಹೆಸರೂ ಗೊತ್ತಿಲ್ಲ ಅಂದ್ರೆ ಹೊಟ್ಟೆ ಉರಿಯುತ್ತೆ ಸರ್. ಮೈಸೂರು ವಿಶ್ವವಿದ್ಯಾನಿಲಯದ ಕನ್ನಡ ವಿಶ್ವಕೋಶ 14 ಸಂಪುಟ, ಅದನ್ನೂ ಮುಕ್ತವಾಗಿ ಬಳಸೋಕೆ ಕೊಟ್ಟಿದಾರೆ. ಕಣಜ ಅಂತ ಸರ್ಕಾರದ್ದೇ ಕನ್ನಡ ಜ್ಞಾನಕೋಶದ ಸೈಟ್ ಇದೆ. ಸಾರ್ವಜನಿಕ ಗ್ರಂಥಾಲಯ ಇಲಾಖೆದು 2020ರಿಂದ ಡಿಜಿಟಲ್ ಲೈಬ್ರರಿ ಇದೆ, ಮೊಬೈಲಲ್ಲೇ ಹೆಸರು ನೋಂದಾಯಿಸ್ಕೊಂಡು ಓದಬಹುದು, ಕಬ್ಬನ್ ಪಾರ್ಕಿನ ಕೆಂಪು ಬಿಲ್ಡಿಂಗ್‌ವರೆಗೂ ಹೋಗೋಕೆ ಆಗದೆ ಇರೋರಿಗೆ ಅದೊಂದು ಅನುಕೂಲ. ಆ ಕೆಂಪು ಲೈಬ್ರರಿಗೂ ಹೋಗಿ ಅಂತ ನಾನು ಹೇಳ್ತೀನಿ, ಅದು ಬೇರೆ ಮಾತು.

ಸೈನ್ಸ್ ಮಕ್ಕಳಿಗೆ ನಾನು ಒಂದೇ ಹೆಸರು ಹೇಳೋದು, ರೆಸೊನೆನ್ಸ್. ಸದಾಶಿವನಗರದಲ್ಲಿರೋ ಭಾರತೀಯ ವಿಜ್ಞಾನ ಅಕಾಡೆಮಿ ತರೋ ಪತ್ರಿಕೆ, ಆ ಅಕಾಡೆಮಿ ಸರ್ ಸಿ.ವಿ. ರಾಮನ್ 1934ರಲ್ಲಿ ಶುರು ಮಾಡಿದ್ದು. ಪತ್ರಿಕೆ 1996ರಿಂದ ತಿಂಗಳು ತಿಂಗಳು ಬರ್ತಿದೆ, ಡಿಗ್ರಿ ಮಕ್ಕಳಿಗೆ ಅಂತಲೇ ಬರೆದಿರೋದು, ಹಳೇ ಸಂಚಿಕೆ ಎಲ್ಲಾ ಅಕಾಡೆಮಿ ಸೈಟಲ್ಲಿ ಪುಕ್ಕಟೆ. ನಮ್ಮೂರಲ್ಲೇ ತಯಾರಾಗಿ ದೇಶಕ್ಕೆಲ್ಲಾ ಹೋಗ್ತಿದೆ, ನಮ್ಮೂರಿನ ಮಕ್ಕಳು ಗೂಗಲ್ ಡಾಟ್ ಕಾಮ್ ಅಂತ ಬರೀತಿದಾರೆ. ಪಾಠ ಅರ್ಥ ಆಗ್ದೆ ಇದ್ರೆ ಎನ್‌ಪಿಟೆಲ್ ಇದೆ, ಐಐಟಿ ಮತ್ತೆ ನಮ್ಮ ಐಐಎಸ್‌ಸಿ ಮೇಷ್ಟ್ರುಗಳ ಪಾಠ, ನೋಡೋಕೆ ದುಡ್ಡಿಲ್ಲ, ಸರ್ಟಿಫಿಕೇಟ್ ಬೇಕಂದ್ರೆ ಮಾತ್ರ ಪರೀಕ್ಷೆ ಫೀಸು. ಕಂಪ್ಯೂಟರ್ ಕಲಿಯೋಕೆ ಇಂಗ್ಲಿಷ್ ಭಯ ಇರೋರಿಗೆ ಐಐಟಿ ಬಾಂಬೆಯ ಸ್ಪೋಕನ್ ಟ್ಯುಟೋರಿಯಲ್ ಕನ್ನಡದಲ್ಲೇ ಇದೆ, ಒಂದೊಂದು ವಿಡಿಯೋ ಹತ್ತು ನಿಮಿಷದ್ದು, ನೋಡ್ತಾ ನೋಡ್ತಾ ಜೊತೆಗೇ ಮಾಡ್ತಾ ಹೋಗಬಹುದು.

ಇಂಗ್ಲಿಷ್ ಲೇಖನ ಬೇಕಾದೋರು ಗೂಗಲ್ ಅಂತ ಹೋಗೋ ಬದ್ಲು, ಸಂಶೋಧನಾ ಲೇಖನ ಹುಡುಕೋಕೆ ಅಂತಲೇ ಇರೋ ಗೂಗಲ್ ಸ್ಕಾಲರ್‌ಗೆ ಹೋಗ್ಬೇಕು. ಲೇಖನ ಓಪನ್ ಆಗಲ್ಲ, ಡಾಲರ್‌ನಲ್ಲಿ ದುಡ್ಡು ಕೇಳುತ್ತೆ ಅಂತ ಮಕ್ಕಳು ಬಿಟ್ಟುಬಿಡ್ತಾರೆ. ಅಲ್ಲೇ ಕೆಳಗೆ ಆಲ್ ವರ್ಶನ್ಸ್ ಅಂತ ಇರುತ್ತೆ, ಒತ್ತಿದ್ರೆ ಎಷ್ಟೋ ಸಲ ಬರೆದೋರೇ ತಮ್ಮ ಯೂನಿವರ್ಸಿಟಿ ಸೈಟಲ್ಲಿ ಹಾಕಿರೋ ಪ್ರತಿ ಸಿಗುತ್ತೆ. ಇತಿಹಾಸ, ಸಮಾಜಶಾಸ್ತ್ರದೋರಿಗೆ ಜರ್ನಲ್ ಲೇಖನಗಳನ್ನ ಇಟ್ಟಿರೋ ಜೆಸ್ಟೋರ್ ಅನ್ನೋ ಸೈಟ್ ಇದೆ, ಫ್ರೀ ಅಕೌಂಟ್ ಮಾಡ್ಕೊಂಡ್ರೆ ತಿಂಗಳಿಗೆ 100 ಲೇಖನ ಆನ್‌ಲೈನ್ ಓದಬಹುದು. ಒಬ್ಬ ಡಿಗ್ರಿ ವಿದ್ಯಾರ್ಥಿಗೆ ತಿಂಗಳಿಗೆ ನೂರು ಸಾಲಲ್ವಾ?

ಇಷ್ಟೆಲ್ಲಾ ಇರೋವಾಗ ಕೊರತೆ ಎಲ್ಲಿದೆ ಅಂದ್ರೆ, ಹೇಳೋರಿಲ್ಲ. ಕೇಂದ್ರ ಸರ್ಕಾರ 2024ರ ನವೆಂಬರ್‌ನಲ್ಲಿ ಒನ್ ನೇಷನ್ ಒನ್ ಸಬ್‌ಸ್ಕ್ರಿಪ್ಷನ್ ಅಂತ ಮಂಜೂರು ಮಾಡ್ತು, ಮೂರು ವರ್ಷಕ್ಕೆ 6,000 ಕೋಟಿ ರೂಪಾಯಿ, 30 ಪ್ರಕಾಶಕರ ಸುಮಾರು 13,000 ಜರ್ನಲ್ ಸರ್ಕಾರಿ ಕಾಲೇಜು ಯೂನಿವರ್ಸಿಟಿಗಳ ಮಕ್ಕಳಿಗೆ ಸಿಗ್ಬೇಕು ಅಂತ. ನಮ್ಮ ತೆರಿಗೆ ದುಡ್ಡು ಅದು. ನನ್ನ ಮಗಳ ಕಾಲೇಜಲ್ಲಿ ಕೇಳ್ಕೊಂಡು ಬಾ ಅಂತ ಕಳಿಸಿದೆ, ಆಫೀಸಲ್ಲಿ ಲೈಬ್ರರಿಯಲ್ಲಿ ಕೇಳು ಅಂದ್ರು, ಲೈಬ್ರರಿಯಲ್ಲಿ ಲೈಬ್ರರಿಯನ್ ಪೋಸ್ಟ್ ಖಾಲಿ, ಅಟೆಂಡರ್ ಒಬ್ಬರೇ ಬಾಗಿಲು ತೆಗೆದು ಹಾಕಿ ಮಾಡ್ತಾರೆ, ಪಾಪ ಅವರಿಗೇನು ಗೊತ್ತು. ನಾಲ್ಕು ದಿನ ಓಡಾಡಿ ಅವಳು ಬರಿಗೈಯಲ್ಲಿ ಬಂದ್ಳು. ಕಾಲೇಜು ರಿಜಿಸ್ಟರ್ ಆಗಿದೆಯಾ, ಆಗಿದ್ರೆ ಮಕ್ಕಳು ಲಾಗಿನ್ ಆಗೋದು ಹೇಗೆ, ಇಷ್ಟನ್ನ ಒಂದು ನೋಟೀಸ್ ಬೋರ್ಡಲ್ಲಿ ಹಾಕಿದ್ರೆ ಸಾಕಾಗಿತ್ತು.

ಅದಕ್ಕೆ ನನ್ನ ಬೇಡಿಕೆ ಎರಡು. ಕಾಲೇಜು ಶಿಕ್ಷಣ ಇಲಾಖೆಯೋರು, ಯೂನಿವರ್ಸಿಟಿಯೋರು ಪ್ರತಿ ಸೆಮಿಸ್ಟರ್ ಶುರುವಲ್ಲಿ ಒಂದೇ ಒಂದು ಗಂಟೆ ಮಕ್ಕಳನ್ನ ಕೂರಿಸಿ ಅವರವರ ವಿಷಯಕ್ಕೆ ತಕ್ಕಂತೆ ಇವನ್ನ ತೆರೆದು ತೋರಿಸ್ಲಿ, ಭಾಷಣ ಬೇಡ, ಪಿಪಿಟಿ ಬೇಡ, ಮೊಬೈಲ್ ಕೈಯಲ್ಲಿಟ್ಟು ಹುಡುಕಿಸ್ಲಿ. ಖಾಲಿ ಇರೋ ಲೈಬ್ರರಿಯನ್ ಪೋಸ್ಟ್ ತುಂಬ್ಲಿ. ಸಹಿ ಹಾಕೋ ಗೈಡುಗಳು ಗೂಗಲ್ ಡಾಟ್ ಕಾಮ್ ಅಂತ ಇದ್ರೆ ವಾಪಸ್ ಕೊಡ್ಲಿ, ನಮ್ಮ ಅಂಗಡಿಗೆ ಇನ್ನೊಂದು ಸಲ ಬರ್ತಾರೆ ಬಿಡಿ, ಆ ಕೊನೇ ಪುಟದ ಪ್ರಿಂಟ್‌ಗೆ ನಾನು ದುಡ್ಡು ತಗೊಳಲ್ಲ.

ಇನ್ನೊಂದು ನಿಮ್ಮಲ್ಲಿ. ನಿಮ್ಮ ಶಿಕ್ಷಣ ಪುಟದಲ್ಲಿ ಕೋಚಿಂಗ್ ಸೆಂಟರ್ ವಿಷಯ, ಕಟಾಫ್ ವಿಷಯ ಎಲ್ಲಾ ಬರುತ್ತೆ, ಒಳ್ಳೇದೇ. ಅದ್ರ ಮೂಲೆಯಲ್ಲಿ ವಾರಕ್ಕೆ ಒಂದು ಸಣ್ಣ ಬಾಕ್ಸ್, ಒಂದೇ ಒಂದು ಸೈಟಿನ ಹೆಸರು, ಯಾರು ನಡೆಸ್ತಾರೆ, ಅಲ್ಲಿ ಏನು ಸಿಗುತ್ತೆ, ಹೇಗೆ ಹುಡುಕ್ಬೇಕು, ಇಷ್ಟನ್ನ ಕನ್ನಡದಲ್ಲಿ ಹಾಕಿ. ಈಗ ನಮ್ಮ ಕೌಂಟರ್ ಪಕ್ಕದ ಗೋಡೆಗೆ ಮೇಡಂ ಕೈಬರಹದಲ್ಲೇ ಒಂದು ಎ4 ಹಾಳೆ ಅಂಟಿಸಿದೀನಿ, ಪ್ರಿಂಟ್‌ಗೆ ಕಾಯ್ತಾ ನಿಂತಿರೋ ಮಕ್ಕಳು ಅದರ ಫೋಟೋ ತೆಗೀತಾರೆ. ಆದ್ರೆ ಚಾಮರಾಜಪೇಟೆ ಬಿಟ್ಟು ಆಚೆ ಅದು ಹೋಗಲ್ಲ, ನಿಮ್ಮ ಪೇಪರ್ ಬೀದರ್‌ಗೂ ಹೋಗುತ್ತೆ, ಚಾಮರಾಜನಗರಕ್ಕೂ ಹೋಗುತ್ತೆ. ಬಾಕ್ಸ್ ಶುರು ಮಾಡಿದ್ರೆ ವಾರ ವಾರ ಕತ್ತರಿಸಿ ಕೌಂಟರ್ ಗ್ಲಾಸ್ ಕೆಳಗೆ ಇಡ್ತೀನಿ, ಜಾಗ ಈಗಾಗ್ಲೇ ಖಾಲಿ ಮಾಡಿಟ್ಟಿದೀನಿ.

ಇಂತಿ ನಿಮ್ಮ ಓದುಗ,
ಜೆರಾಕ್ಸ್ ಅಂಗಡಿಯವನು, ಚಾಮರಾಜಪೇಟೆ, ಬೆಂಗಳೂರು